ಒಂದು ಸೌಟು ಪಲ್ಯದ ತೂಕ

ನಾನು ಶಾಲೆ ಬಿಟ್ಟದ್ದು ೧೯೫೨ರಲ್ಲಿ, ಐದನೇ ಕ್ಲಾಸಿನ ನಡುವೆ. ಸರಿಯಾಗಿ ಹೇಳಬೇಕೆಂದರೆ ಭಾಗಾಕಾರದ ನಡುವೆ. ನಮ್ಮ ಸೋದರಮಾವ ಮದುವೆ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದರು. ಆಲೂರಿನ ಕಡೆ ಯಾರದೋ ಮದುವೆ, ಕೈ ಕಡಿಮೆ ಬಿದ್ದಿದೆ, ನಾಲ್ಕು ದಿನ ಹುಡುಗನನ್ನು ಕಳಿಸಿ ಎಂದು ನಮ್ಮೂರು ಬೆಳಗೋಡಿಗೆ ಬಂದು ಕೇಳಿದರು. ನಾಲ್ಕು ದಿನ ಹೋಗಿ ಹದಿನೈದು ದಿನವಾಯಿತು. ವಾಪಸ್ ಬಂದಾಗ ಕ್ಲಾಸಿನಲ್ಲಿ ಭಾಗಾಕಾರ ಬಹಳ ಮುಂದೆ ಹೋಗಿಬಿಟ್ಟಿತ್ತು. ಮೇಷ್ಟ್ರು ಹಲಗೆಯ ಹತ್ತಿರ ಕರೆದು ಒಂದು ಲೆಕ್ಕ ಕೊಟ್ಟರು. ನಾನು ಸೀಮೆಸುಣ್ಣ ಹಿಡಿದು ನಿಂತೇ ಇದ್ದೆ. ಮೇಷ್ಟ್ರು ಹೊಡೆಯಲಿಲ್ಲ, ನಕ್ಕರು. ಹೊಡೆದಿದ್ದರೆ ಇನ್ನೂ ಓದುತ್ತಿದ್ದೆನೋ ಏನೋ. ಮಾರನೆಯ ದಿನ ಸೀದಾ ಮಾವನ ಹಿಂದೆ ಹೊರಟುಬಿಟ್ಟೆ.

ಈ ಮಾತೆಲ್ಲ ಈಗ ಯಾಕೆ ಬಂತೆಂದರೆ, ಹೋದ ವಾರ ಲಾರಿ ಡ್ರೈವರ್ ಮಸ್ತಾನ್ ಭಾಯಿ ನಮ್ಮ ಆನೇಮಹಲಿನ ಹೋಟೆಲಿಗೆ ಒಂದು ಚೀಟಿ ಹಿಡಿದುಕೊಂಡು ಬಂದರು. ಅವರಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ್ದಾರೆ. ಅನ್ನ ಕಡಿಮೆ ಮಾಡಿ, ಊಟಕ್ಕೆ ಬೇಯಿಸಿದ ತರಕಾರಿ ನೂರೈವತ್ತು ಗ್ರಾಂ ತಿನ್ನಿ ಎಂದು ಬರೆದುಕೊಟ್ಟಿದ್ದಾರೆ.

"ಸಿದ್ದಪ್ಪಣ್ಣ, ಈ ನೂರೈವತ್ತು ಗ್ರಾಂ ಅಂದ್ರೆ ಎಷ್ಟು ಕಣ್ರೀ? ನಾನೇನ್ ಜೇಬಲ್ಲಿ ತಕ್ಕಡಿ ಇಟ್ಕೊಂಡು ಲಾರಿ ಓಡಿಸ್ಲಾ?"

"ಇವತ್ತು ಹುರುಳಿಕಾಯಿ ಪಲ್ಯ. ಎರಡು ಸೌಟಿಗೆ ಒಂದು ಚಮಚ ಕಮ್ಮಿ," ಎಂದೆ. "ಕುಂಬಳಕಾಯಿ ಆಗಿದ್ರೆ ಒಂದು ಸೌಟು, ಮೇಲೊಂದು ಚಮಚ. ಹರಿವೆ ಸೊಪ್ಪಾಗಿದ್ರೆ ಒಂದೂಕಾಲು ಸೌಟು, ಮೇಲೊಂದು ಚಮಚ."

ಅವರು ನೀರಿನ ಲೋಟ ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು. "ಯಾವ ಕಾಲೇಜಲ್ಲಿ ಓದಿದ್ರಿ ನೀವು?"

ನಾನು ಗೋಡೆಯ ಕಡೆ ತೋರಿಸಿದೆ. ಅಲ್ಲಿ ಮೊಳೆಗೆ ನೇತುಹಾಕಿದ ಒಂದು ಕರಟದ ಸೌಟಿದೆ. ತೆಂಗಿನ ಕರಟ, ಬಿದಿರಿನ ಹಿಡಿ. ಮಾವ ಕೊಟ್ಟದ್ದು. ಅದೇ ನನ್ನ ಕಾಲೇಜು. ಆ ಕಾಲೇಜಿನಲ್ಲಿ ನಾನು ಪಾಸಾದೆನೋ ಫೇಲಾದೆನೋ ಎಂಬುದನ್ನು ಮಾತ್ರ ನೀವೇ ಹೇಳಬೇಕು.

ನಾನು ಹುಟ್ಟಿದ ಮನೆಯಲ್ಲಿ ಎಲ್ಲಕ್ಕೂ ಅಳತೆ ಇತ್ತು. ಅಕ್ಕಿಗೆ ಸೇರು, ಪಾವು. ಎಣ್ಣೆಗೆ ಚಟಾಕು. ಅವ್ವ ಅಕ್ಕಿ ಅಳೆಯುವಾಗ ಒಂದು ಎನ್ನುತ್ತಿರಲಿಲ್ಲ, ಲಾಭ ಎಂದು ಶುರು ಮಾಡುತ್ತಿದ್ದಳು. ಲಾಭ, ಎರಡು, ಮೂರು. ಕೊನೆಯ ಪಾವು ಅಳೆದ ಮೇಲೆ ನಾಲ್ಕು ಕಾಳು ವಾಪಸ್ ಮಡಕೆಗೆ ಹಾಕುತ್ತಿದ್ದಳು, ಮಡಕೆ ಬರಿದಾಗಬಾರದು ಎಂದು. ಆದರೆ ತರಕಾರಿಗೆ ಮಾತ್ರ ಯಾವ ಅಳತೆಯೂ ಇರಲಿಲ್ಲ. ಸೊಪ್ಪು ಎಂದರೆ ಮಡಿಲು ತುಂಬ. ಕುಂಬಳಕಾಯಿ ಎಂದರೆ ಅರ್ಧ ನಮಗೆ, ಅರ್ಧ ಪಕ್ಕದ ಮನೆಗೆ. ಮಡಿಲು ತುಂಬ ತಂದ ಸೊಪ್ಪು ಬೆಂದ ಮೇಲೆ ಬೊಗಸೆಯಷ್ಟಾಗುತ್ತಿತ್ತು. ಮಿಕ್ಕದ್ದು ಎಲ್ಲಿ ಹೋಯಿತು ಎಂದು ನಾನು ಒಲೆಯ ಮುಂದೆ ಕೂತು ಎಷ್ಟೋ ಸಲ ಯೋಚಿಸಿದ್ದೇನೆ. ಅಕ್ಕ ತಿಂದುಬಿಟ್ಟಿದ್ದಾಳೆ ಎಂಬ ಗುಮಾನಿಯೂ ಇತ್ತು. ಅಕ್ಕ ಎಂದರೆ ಗಂಗಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಈ ಕಥೆಯಲ್ಲಿ ಅವಳದ್ದೇ ತೂಕ ಹೆಚ್ಚು.

ಮಾವನ ಹತ್ತಿರ ಎಂಟು ವರ್ಷ ಕಲಿತೆ. ಆಮೇಲೆ ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅಡುಗೆ ಕೆಲಸಕ್ಕೆ ಸೇರಿದೆ. ಹಣ್ಣು ಕೊಯ್ಯುವ ಕಾಲದಲ್ಲಿ ಎಂಬತ್ತು ಆಳಿಗೆ ಮಧ್ಯಾಹ್ನದ ಊಟ. ಮುದ್ದೆ, ಸಾರು, ಒಂದು ಪಲ್ಯ. ಅದೇ ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಗಂಗಕ್ಕ ಮತ್ತು ಭಾವ ಇದ್ದರು. ಅಕ್ಕ ಹಣ್ಣು ಕೊಯ್ಯುತ್ತಿದ್ದಳು. ಅಂದರೆ ಎಂಬತ್ತು ತಟ್ಟೆಗಳಲ್ಲಿ ಒಂದು ತಟ್ಟೆ ನನ್ನ ಅಕ್ಕನದು. ಸೇರಿದ ಮೊದಲ ದಿನವೇ ನಾನು ಮನಸ್ಸಿನಲ್ಲಿ ಒಂದು ಪ್ರತಿಜ್ಞೆ ಮಾಡಿಕೊಂಡಿದ್ದೆ. ಅಕ್ಕ ಎಂದು ಒಂದು ಹೋಳೂ ಹೆಚ್ಚಿಗೆ ಹಾಕುವವನಲ್ಲ ನಾನು. ತಲೆಗೊಂದು ಸೌಟು, ಯಾರಾದರೂ ಸರಿ. ನನ್ನ ಕೈ ತಕ್ಕಡಿ ಇದ್ದಂತೆ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದೆ. ಹೇಳಬಾರದಿತ್ತು.

ಸೇರು ಹೋಗಿ ಕಿಲೋ ಬಂದ ಕಾಲ ಅದು. ಎಲ್ಲರೂ ಹೊಸ ತೂಕದ ಮುಂದೆ ಒಂದನೇ ಕ್ಲಾಸಿನ ಮಕ್ಕಳಾಗಿದ್ದರು, ಅದು ನನಗೆ ಒಳಗೊಳಗೇ ಖುಷಿ. ಒಂದು ದಿನ ಎಸ್ಟೇಟಿನ ರೈಟರ್ ಹುಸೇನ್ ಸಾಬರು ಅಡುಗೆಮನೆಗೆ ಬಂದರು. ಸಕಲೇಶಪುರ ಪೇಟೆಯವರು, ಆಳುಗಳ ಹಾಜರಿ, ಸ್ಟೋರಿನ ಬೀಗ, ನಮ್ಮ ಜಗಳಗಳ ತೀರ್ಪು ಎಲ್ಲವೂ ಅವರದೇ.

"ಸಿದ್ದಪ್ಪ, ಧಣಿಗಳು ಚೀಟಿ ಕಳ್ಸಿದಾರೆ. ಹಾಸನದಲ್ಲಿ ಯಾರೋ ಡಾಕ್ಟರು ಹೇಳಿದ್ರಂತೆ. ಇನ್ಮೇಲೆ ಆಳಿಗೆ ಬೆಂದ ತರಕಾರಿ ನೂರಿಪ್ಪತ್ತು ಗ್ರಾಂ. ಸೌಟು ಗೀಟು ಅಲ್ಲ, ಗ್ರಾಂ."

"ಹಸಿ ತರಕಾರಿ ಎಷ್ಟು ತರಿಸ್ಬೇಕು ಸಾಬ್ರೇ?"

ಸಾಬರು ಗಡ್ಡ ಕೆರೆದುಕೊಂಡರು. ಇಪ್ಪತ್ತು ವರ್ಷ ಕಾಫಿ ಲೆಕ್ಕ ಬರೆದ ಮನುಷ್ಯ. ಆರು ಕಿಲೋ ಹಣ್ಣು ಕೊಯ್ದು ಒಣಗಿಸಿ ಸಿಪ್ಪೆ ತೆಗೆದರೆ ಒಂದು ಕಿಲೋ ಬೀಜ ಸಿಗುತ್ತದೆ ಎಂಬುದು ಅವರಿಗೆ ನಿದ್ದೆಯಲ್ಲೂ ಗೊತ್ತು. "ಹಸಿದು ಆರು, ಬೆಂದದ್ದು ಒಂದು. ಕಾಫಿ ಹೆಂಗೋ ತರಕಾರೀನೂ ಹಂಗೇ. ಬೆಂಕಿ ತಾಗಿದ್ ಮೇಲೆ ಇಳೀಲೇಬೇಕಲ್ಲ?" ಎಂದರು. ನಾನು ಅಡುಗೆಯವನು, ಇಲ್ಲ ಎನ್ನಬೇಕಿತ್ತು. ಆದರೆ ಸೊಪ್ಪು ಬೊಗಸೆಯಷ್ಟಾಗುವುದನ್ನು ಕಂಡವನಲ್ಲವೇ, ನನಗೂ ಸರಿ ಎನಿಸಿತು. ಸಾಬರು ಕಾಗದದ ಮೇಲೆ ಗುಣಿಸಿದರು. ಎಂಬತ್ತು ಆಳು, ನೂರಿಪ್ಪತ್ತು ಗ್ರಾಂ, ಅದರ ಆರರಷ್ಟು. ಐವತ್ತೆಂಟು ಕಿಲೋ ಕುಂಬಳಕಾಯಿ ಗಾಡಿಯಲ್ಲಿ ಬಂದಿಳಿಯಿತು.

ಅರ್ಧ ಹೆಚ್ಚಿ ಕೊಪ್ಪರಿಗೆಗೆ ಹಾಕಿದೆ. ಇಳಿಯಲಿ ಎಂದು ಕಾದೆ. ಕುಂಬಳಕಾಯಿ ಮೆತ್ತಗಾಯಿತು, ಬಣ್ಣ ಬಂತು, ಘಮಘಮ ಎಂದಿತು. ಇಳಿಯಲಿಲ್ಲ. ಸಾಬರು ಎರಡು ಸಲ ಬಂದು ಇಣುಕಿ ನೋಡಿ, "ಇನ್ನೂ ಸ್ವಲ್ಪ ಹೊತ್ತು ಬಿಡು," ಎಂದು ಹೋದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟಿದ್ದರೆ ತಳ ಹತ್ತುತ್ತಿತ್ತೇ ಹೊರತು ಕುಂಬಳಕಾಯಿ ಕಾಫಿ ಬೀಜವಾಗುತ್ತಿರಲಿಲ್ಲ. ನಾಲ್ಕು ದಿನ ಎಸ್ಟೇಟಿಗೆಲ್ಲ ಅದೇ ಪಲ್ಯ. ಕಾಫಿ ಗಿಡದ ರೆಂಬೆ ಸವರಿ ಕವಾತು ಮಾಡುವ ತಿಮ್ಮ ಎಂಬವನಿದ್ದ, ಬಾಯಿ ಅವನ ಕತ್ತಿಗಿಂತ ಹರಿತ. ದಿನಾ ತಟ್ಟೆ ಹಿಡಿದು ಬಂದು ಕೇಳುತ್ತಿದ್ದ.

"ಇವತ್ತೇನಣ್ಣ?"

"ಕುಂಬಳಕಾಯಿ."

"ನಾಳೆ?"

"ನಾಳೆ ಬಂದ್ ನೋಡು."

"ನೋಡದೇನೈತೆ ಮಾರಾಯ, ನನ್ ಮೈ ಬಣ್ಣಾನೇ ಹಳದಿ ಆಗ್ಬುಡ್ತು."

ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಬೆಂದ ತರಕಾರಿ ನಿಜವಾಗಿ ಎಷ್ಟು ತೂಗುತ್ತದೆ? ಸಾಬರನ್ನು ಕಾಡಿದೆ. ಅವರ ತಮ್ಮನದು ಪೇಟೆಯಲ್ಲಿ ದಿನಸಿ ಅಂಗಡಿ. ಅಲ್ಲಿಂದ ಒಂದು ಸಣ್ಣ ತಕ್ಕಡಿ, ಹೊಸ ಗ್ರಾಂ ಬಟ್ಟುಗಳು ಬಂದವು. ಐದು ಗ್ರಾಮಿನ ಬಟ್ಟು ನನ್ನ ಕಿರುಬೆರಳಿನ ಉಗುರಿನಷ್ಟಿತ್ತು. ಅದನ್ನು ನೋಡಿ ಯಾಕೋ ಭಯವಾಯಿತು. ಇಷ್ಟು ಚಿಕ್ಕ ವ್ಯತ್ಯಾಸವನ್ನೂ ಹಿಡಿಯುವ ವಸ್ತುವಿನ ಮುಂದೆ ಮನುಷ್ಯ ಹೇಗೆ ಬದುಕುವುದು?

ಒಂದೇ ಸೌಟು ತೂಗಿದರೆ ಒಂದೊಂದು ಸಲ ಒಂದೊಂದು ತೂಕ ಬರುತ್ತಿತ್ತು. ಹಲವು ಸೌಟು ಹಾಕಿ, ಒಟ್ಟು ತೂಗಿ, ಭಾಗಿಸಬೇಕು ಎಂದು ನನಗೇ ಹೊಳೆಯಿತು. ಆದರೆ ನಾನು ಶಾಲೆ ಬಿಟ್ಟದ್ದೇ ಅಲ್ಲಿ. ಸಾಬರನ್ನು ಕೇಳಲು ಮನಸ್ಸು ಬರಲಿಲ್ಲ. ಮೇಷ್ಟ್ರು ನಕ್ಕ ನಗು ಇನ್ನೂ ಕಿವಿಯಲ್ಲಿತ್ತು. ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡೆ. ಭಾಗಿಸಲು ಬಾರದಿದ್ದರೇನು, ಅರ್ಧ ಮಾಡಲು ಯಾರಿಗೆ ಬರುವುದಿಲ್ಲ? ರೊಟ್ಟಿ ಮುರಿದವನಿಗೆಲ್ಲ ಬರುತ್ತದೆ. ಹದಿನಾರು ಸೌಟು ಅಳೆದೆ. ಅವ್ವನ ಹಾಗೇ ಲಾಭ, ಎರಡು, ಮೂರು ಎಂದು ಎಣಿಸಿದೆ. ಕುಂಬಳಕಾಯಿ ಎರಡು ಕಿಲೋ ಎಂಬತ್ತು ಗ್ರಾಂ ಬಂತು. ಅದನ್ನು ಮುರಿದೆ, ಒಂದು ಕಿಲೋ ನಲವತ್ತು. ಇನ್ನೊಮ್ಮೆ ಮುರಿದೆ, ಐನೂರಿಪ್ಪತ್ತು. ಮತ್ತೆ, ಇನ್ನೂರ ಅರವತ್ತು. ನಾಲ್ಕನೇ ಸಲ ಮುರಿದಾಗ ನೂರ ಮೂವತ್ತು. ಒಂದು ಸೌಟು ಕುಂಬಳಕಾಯಿ ನೂರ ಮೂವತ್ತು ಗ್ರಾಂ! ಒಬ್ಬನೇ ಅಡುಗೆಮನೆಯಲ್ಲಿ ನಿಂತು ಜೋರಾಗಿ ನಕ್ಕೆ.

ಮಾಡಿದ ತಪ್ಪುಗಳನ್ನೂ ಹೇಳಿಬಿಡುತ್ತೇನೆ. ಮೊದಲ ದಿನ ತಗಡಿನ ಡಬ್ಬದ ತೂಕ ಕಳೆಯುವುದನ್ನೇ ಮರೆತು, ಪಲ್ಯದ ಜೊತೆ ಡಬ್ಬವನ್ನೂ ಎಂಬತ್ತು ಜನಕ್ಕೆ ಹಂಚಿದ್ದೆ, ಲೆಕ್ಕದಲ್ಲಿ. ಎರಡನೆಯ ದಿನ ಕೊಪ್ಪರಿಗೆಯ ಮೇಲಿನ ಪಲ್ಯ ಹಗುರ, ತಳದ್ದು ಭಾರ ಎಂದು ಗೊತ್ತಾಯಿತು, ನೀರೆಲ್ಲ ತಳದಲ್ಲಿ. ಹದಿನೈದು ದಿನದಲ್ಲಿ ಏನೇನು ಬೇಯಿಸಿದೆನೋ ಎಲ್ಲವನ್ನೂ ತೂಗಿದೆ. ಹರಿವೆ ಸೊಪ್ಪು ನೂರ ಹತ್ತು. ಹುರುಳಿಕಾಯಿ ಬರೀ ಎಂಬತ್ತು. ಅದರ ತುಂಡುಗಳ ನಡುವೆ ಗಾಳಿ ಕೂತಿರುತ್ತದೆ, ನಾವು ಸೌಟು ತುಂಬಿತು ಎಂದುಕೊಳ್ಳುತ್ತೇವೆ. ಮಡಿಲು ತುಂಬ ಸೊಪ್ಪಿನ ಗುಟ್ಟೂ ಆಗಲೇ ತಿಳಿದದ್ದು. ಹಸಿ ಸೊಪ್ಪು ತೂಗಿ, ಬೇಯಿಸಿ, ಬಸಿದು, ಮತ್ತೆ ತೂಗಿದೆ. ಅಳತೆಯಲ್ಲಿ ಅಷ್ಟೊಂದು ಸೋತ ಸೊಪ್ಪು ತೂಕದಲ್ಲಿ ಹೆಚ್ಚೇನೂ ಸೋತಿರಲಿಲ್ಲ. ಅಕ್ಕ ತಿಂದಿರಲಿಲ್ಲ. ಅವತ್ತು ಊಟಕ್ಕೆ ಬಂದ ಅವಳಿಗೆ ಇದನ್ನು ಹೇಳಿದರೆ, "ಇಷ್ಟ್ ವರ್ಷ ಆದ್ಮೇಲೆ ನಿರ್ದೋಷಿ ಅಂದ್ಯಲ್ಲ, ಬುಡು," ಎಂದು ತಟ್ಟೆ ಹಿಡಿದು ಮುಂದೆ ಹೋದಳು.

ಆಮೇಲೆ ನೂರಿಪ್ಪತ್ತು ಗ್ರಾಂ ಕೊಡುವುದು ನನಗೆ ನೀರು ಕುಡಿದಷ್ಟು ಸಲೀಸಾಯಿತು. ಕುಂಬಳಕಾಯಿಯ ದಿನ ಸೌಟು ಸ್ವಲ್ಪ ಕಡಿಮೆ ತುಂಬುತ್ತಿದ್ದೆ. ಹುರುಳಿಕಾಯಿಯ ದಿನ ಒಂದೂವರೆ ಸೌಟು. ಆದರೆ ತಿನ್ನುವವರಿಗೆ ಗ್ರಾಂ ಕಾಣುವುದಿಲ್ಲ, ತಟ್ಟೆ ಕಾಣುತ್ತದೆ. ಒಂದು ದಿನ ರಾಶಿ, ಒಂದು ದಿನ ಕಡಿಮೆ. ಲೈನಿನಲ್ಲಿ ಗುಸುಗುಸು ಶುರುವಾಯಿತು. ಒಂದು ಮಧ್ಯಾಹ್ನ ತಿಮ್ಮ ಎಲ್ಲರ ಮುಂದೆ ತಟ್ಟೆ ಎತ್ತಿ ಹೇಳಿಯೇಬಿಟ್ಟ.

"ನಮ್ ತಟ್ಟೇಲಿ ಗುಂಡಿ, ಅಕ್ಕನ್ ತಟ್ಟೇಲಿ ಗುಡ್ಡ. ತಕ್ಕಡಿ ಬಂದೈತೆ ಅಂತ ಹೇಳ್ಕೊಂಡು ಗಂಗಕ್ಕಂಗೆ ತುಂಬ್ತಾ ಅವ್ನೆ ಕಣ್ರೋ!"

ಸಾಲಿನಲ್ಲಿ ಗಂಗಕ್ಕನ ಮುಖ ನೋಡಿದೆ. ಅವಳು ತಟ್ಟೆಯನ್ನು ಸೆರಗಿನಲ್ಲಿ ಒರೆಸುತ್ತಿದ್ದಳು, ಒರೆಸುತ್ತಲೇ ಇದ್ದಳು. ನನಗೆ ನೆತ್ತಿಗೇರಿತು.

"ಏನ್ಲಾ ಅಂದೆ ತಿಮ್ಮ? ನನ್ ಕೈ ತಕ್ಕಡಿ ಕಣೋ! ನಮ್ಮಕ್ಕನ್ ತಟ್ಟೆಗೆ ಒಂದು ಹೋಳು ಹೆಚ್ಗೆ ಬಿದ್ದಿದ್ರೆ ನಾಳೆಯಿಂದ ಈ ಸೌಟು ಮುಟ್ಟಲ್ಲ. ಅಡುಗೇನೂ ಬೇಡ, ಎಸ್ಟೇಟೂ ಬೇಡ. ತೂಗ್ರಿ ಸಾಬ್ರೇ, ಇಲ್ಲೇ, ಎಲ್ರ ಮುಂದೆ!"

ಹುಸೇನ್ ಸಾಬರು ನನ್ನನ್ನು ಪಕ್ಕಕ್ಕೆ ಎಳೆದರು. "ಸುಮ್ನಿರು ಮಾರಾಯ. ಹೆಚ್ಚಿಗೆ ಬಂದ್ರೆ ನಿನ್ ಕೆಲ್ಸ ಹೋಯ್ತದೆ, ಅವಳ್ ಮರ್ಯಾದೆ ಹೋಯ್ತದೆ. ರಕ್ತ ಅಲ್ವಾ, ಕೈಗೆ ಗೊತ್ತಿಲ್ದೆ ಬಿದ್ದಿರ್ತದೆ."

"ಬಿದ್ದಿದ್ರೆ ಹೋಗ್ಲಿ. ತೂಗ್ರಿ," ಎಂದೆ. ನನಗೆ ನನ್ನ ಮೇಲೆ ಅಷ್ಟು ನಂಬಿಕೆ.

ಎಲ್ಲರದೂ ಎಸ್ಟೇಟಿನ ಒಂದೇ ಥರದ ಅಲ್ಯೂಮಿನಿಯಂ ತಟ್ಟೆ. ತಕ್ಕಡಿಯ ಒಂದು ಕಡೆ ಖಾಲಿ ತಟ್ಟೆ ಮತ್ತು ಬಟ್ಟು, ಇನ್ನೊಂದು ಕಡೆ ಪಲ್ಯದ ತಟ್ಟೆ. ನಾನು ಕೊಪ್ಪರಿಗೆಯನ್ನು ತಳದಿಂದ ಚೆನ್ನಾಗಿ ತಿರುವಿ, ದಿನಾ ಹಾಕುವ ಹಾಗೇ ಸಾಲಾಗಿ ಹಾಕುತ್ತಾ ಹೋದೆ. ಸಾಬರು ಹಿಡಿದು ಹಿಡಿದು ತೂಗಿದರು. ನೂರಿಪ್ಪತ್ತು. ನೂರಿಪ್ಪತ್ತೈದು. ನೂರಿಪ್ಪತ್ತು. ಹಿಂದಿನಿಂದ ಯಾರೋ ಕೂಗಿದರು, "ಬೇಗ ತೂಗಿ ಸಾಬ್ರೇ, ಇಲ್ಲಿ ನಮ್ ತೂಕ ಇಳೀತೈತೆ!" ತಿಮ್ಮನ ತಟ್ಟೆ ಬಂತು. ನೂರಿಪ್ಪತ್ತೈದು. ನಾನು ಮೀಸೆ ಮುಟ್ಟಿಕೊಂಡೆ.

ಗಂಗಕ್ಕ ತಟ್ಟೆ ಒಡ್ಡಿದಳು. ಹಾಕಿದೆ. ಸಾಬರು ತಟ್ಟೆಯನ್ನು ತಕ್ಕಡಿಗಿಟ್ಟರು. ಮುಳ್ಳು ಬಟ್ಟಿನ ಕಡೆಗೆ ವಾಲಿತು. ಒಂದು ಬಟ್ಟು ತೆಗೆದರು. ಮತ್ತೂ ವಾಲಿತ್ತು. ಇನ್ನೊಂದು ತೆಗೆದರು.

"ತೊಂಬತ್ತೈದು," ಎಂದರು ಸಾಬರು, ತಾವೇ ತಪ್ಪು ಮಾಡಿದವರ ಹಾಗೆ.

"ಇನ್ನೊಂದ್ಸಲ," ಎಂದೆ.

ಅಕ್ಕನ ತಟ್ಟೆಯ ಪಲ್ಯವನ್ನು ಕೊಪ್ಪರಿಗೆಗೆ ಸುರಿದು ಮತ್ತೆ ಹಾಕಿದೆ. ಈ ಸಲ ನನ್ನ ಕೈಯನ್ನೇ ನೋಡುತ್ತಿದ್ದೆ. ಸೌಟು ತುಂಬಿತ್ತು. ಅಕ್ಕನ ತಟ್ಟೆಯ ಹತ್ತಿರ ಬರುವ ಮುಂಚೆ ನನ್ನ ಮಣಿಕಟ್ಟು ತಾನಾಗಿ ಕೊಪ್ಪರಿಗೆಯ ಅಂಚಿಗೆ ಸೌಟನ್ನು ಟಕ್ ಟಕ್ ಎಂದು ಎರಡು ಸಲ ಬಡಿಯಿತು. ಎರಡು ಹೋಳು ವಾಪಸ್ ಬಿದ್ದವು. ಆ ಬಡಿತ ಬೇರೆ ಯಾರ ತಟ್ಟೆಗೂ ಇರಲಿಲ್ಲ. ಎರಡು ವರ್ಷದಿಂದ ಬಡಿಯುತ್ತಿದ್ದೆನೇನೋ, ನನ್ನ ಕಿವಿಗೆ ಬಿದ್ದದ್ದು ಅಂದೇ.

ತೊಂಬತ್ತು.

ಮೊದಲು ಬಾಯಿ ಬಿಟ್ಟವನು ತಿಮ್ಮನೇ. ಅವನ ದನಿಯಲ್ಲಿ ಹರಿತವೇನೂ ಇರಲಿಲ್ಲ. "ಅಯ್ಯೋ ಮಾರಾಯ, ನಿಮ್ಮಕ್ಕನ್ ಹೊಟ್ಟೆಗೇ ಹೊಡ್ದ್‌ಬುಟ್ಯಲ್ಲೋ."

"ಹೆಚ್ಗೆ ಬಿದ್ದಿದ್ರೆ ತಾನೇ ಸೌಟು ಬಿಡೋದು? ಹೆಚ್ಗೆ ಬಿದ್ದಿಲ್ಲ. ಗೆದ್ದೆ ಸಿದ್ದಪ್ಪ, ಸೌಟು ನಿಂದೇ," ಎಂದರು ಹುಸೇನ್ ಸಾಬರು. ನನ್ನನ್ನು ಉಳಿಸಲೆಂದೇ ಹೇಳಿದ ಮಾತು. ನಾನು ಎಂಬತ್ತು ಜನರ ಎದುರು ಸೌಟನ್ನು ಕೊಪ್ಪರಿಗೆಯ ಮೇಲೆ ಅಡ್ಡ ಇಟ್ಟು ಅಕ್ಕನನ್ನು ಕೇಳಿದೆ.

"ನಿಂಗೆ ಗೊತ್ತಾಗ್ಲಿಲ್ವೇನಕ್ಕ, ಇಷ್ಟು ದಿನ?"

"ಗೊತ್ತಾಗ್ದೆ ಏನು? ದಿನಾ ಹಣ್ಣಿನ ಬುಟ್ಟಿ ಹೊರೋಳು ಕಣೋ ನಾನು. ಸಾಬ್ರು ಬರೆಯೋಕೆ ಮುಂಚೆ ಬುಟ್ಟಿ ಎಷ್ಟಾಯ್ತದೆ ಅಂತ ನನ್ ಕೈ ಹೇಳ್ತದೆ. ತಟ್ಟೆ ಹಗುರ ಆದ್ರೆ ತಿಳಿಯಲ್ವಾ?"

"ಮತ್ತೆ ಒಂದ್ ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ಮಾರ್ನೇ ದಿನದಿಂದ ಹೆಚ್ಗೆ ಹಾಕ್ತಿದ್ದೆ ನೀನು. ಆವಾಗ ತಿಮ್ಮ ಹೇಳೋದು ನಿಜ ಆಗ್‌ಬುಡ್ತಿತ್ತು."

ಮೂವತ್ತು ಗ್ರಾಂ ಎಂದರೆ ಉಗುರಿನಷ್ಟಿದ್ದ ಆ ಐದು ಗ್ರಾಮಿನ ಬಟ್ಟು ಆರು. ದಿನಕ್ಕೆ ಆರು ಉಗುರು ಅಕ್ಕನಿಂದ ಕಿತ್ತು, ನಾನು ನ್ಯಾಯವಂತ ಎಂದು ಎದೆ ಉಬ್ಬಿಸಿಕೊಂಡು ತಿರುಗಿದ್ದೆ. ಅಕ್ಕ ಸೌಟು ಎತ್ತಿಕೊಂಡಳು. ನನ್ನ ಕೈಗೆ ಒಂದು ತಟ್ಟೆ ಕೊಟ್ಟು, ತುಂಬ ತುಂಬ ಎರಡು ಸೌಟು ಹಾಕಿದಳು. "ತಿನ್ನು ಮೊದ್ಲು. ಬೆಳಿಗ್ಗೆಯಿಂದ ಒಲೆ ಮುಂದೆ ನಿಂತೀಯ." ಆಮೇಲೆ ತಿಮ್ಮನ ಕಡೆ ತಿರುಗಿ, "ಇದು ಹೆಚ್ಗೇನೇ ಕಣೋ ತಿಮ್ಮ. ನೋಡ್ಕೊ. ನನ್ ತಮ್ಮ. ತೂಗ್ಬೇಕಾ?" ಎಂದಳು.

"ಬೇಡ ಕಣಕ್ಕ," ಎಂದ ತಿಮ್ಮ. "ನಂಗೂ ಒಂಚೂರು ಹಾಕು."

ಅಂದಿನಿಂದ ನಾನು ಬೇಯಿಸುವುದು, ಅಕ್ಕ ಬಡಿಸುವುದು ಎಂದಾಯಿತು. ಸಾಬರು ಅವಳನ್ನು ಹಣ್ಣು ಕೊಯ್ಯುವುದರಿಂದ ಬಿಡಿಸಿ ಅಡುಗೆಮನೆಗೆ ಬರೆದುಕೊಂಡರು. ಅಕ್ಕನ ಸೌಟಿಗೆ ನೂರಿಪ್ಪತ್ತು ಗ್ರಾಂ ಎಂಬುದು ಗೊತ್ತಿರಲಿಲ್ಲ. ಕೆಮ್ಮುವವರಿಗೆ ಒಂದಿಷ್ಟು, ಬಸುರಿಗೆ ಒಂದಿಷ್ಟು, ಮುಖ ಸಪ್ಪೆ ಇದ್ದವರಿಗೆ ಒಂದಿಷ್ಟು. ಗುಟ್ಟಾಗಿ ತೂಗಿ ನೋಡಿದೆ, ನೂರ ನಲವತ್ತಕ್ಕಿಂತ ಕಡಿಮೆಯ ತಟ್ಟೆ ಸಿಗಲಿಲ್ಲ. ತರಕಾರಿ ಲೆಕ್ಕಕ್ಕಿಂತ ಹೆಚ್ಚು ಖರ್ಚಾಗುತ್ತಿದೆಯಲ್ಲ ಎಂದು ಧಣಿಗಳು ಕೇಳಿದಾಗ ಹುಸೇನ್ ಸಾಬರು ಕಾಫಿಗೆ ಬರೆಯುವ ಹಾಗೇ ಬರೆದು ಕಳಿಸಿದರಂತೆ: ಒಣಗಿ ಇಳಿದದ್ದು.

ತಕ್ಕಡಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ, ನಿಜ ಹೇಳಬೇಕೆಂದರೆ ಪ್ರೀತಿ ಹೆಚ್ಚಾಯಿತು. ಈಗಲೂ ಹೊಸ ತರಕಾರಿ ಬಂದರೆ ಹದಿನಾರು ಸೌಟು ಅಳೆದು, ನಾಲ್ಕು ಸಲ ಮುರಿದು, ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದಿಡುತ್ತೇನೆ. ಗಿರಾಕಿಗಳು ಅದನ್ನು ಹಾಲಿನವನ ಲೆಕ್ಕ ಎಂದುಕೊಂಡಿದ್ದಾರೆ. ಬದನೆಕಾಯಿ ಎಣ್ಣೆ ಕುಡಿದರೆ ತೂಕ ಎಷ್ಟು ಏರುತ್ತದೆ, ತಣ್ಣಗಾದ ಅವರೆಕಾಳು ಯಾಕೆ ಬಿಸಿಯದಕ್ಕಿಂತ ಹಗುರ, ಇವೆಲ್ಲ ನನಗೆ ಗೊತ್ತು. ಯಾರೂ ಕೇಳುವುದಿಲ್ಲ. ಮಸ್ತಾನ್ ಭಾಯಿ ಕೇಳಿದರಲ್ಲ, ಅದಕ್ಕೇ ಇಷ್ಟು ಬರೆದೆ.

ಅಂದು ಅವರ ತಟ್ಟೆಗೆ ಬಡಿಸಿದವಳು ಅಕ್ಕನೇ. ನಾನು ಎದುರಿಗೇ ನಿಂತು, "ಎರಡು ಸೌಟಿಗೆ ಒಂದು ಚಮಚ ಕಮ್ಮಿ ಅಕ್ಕ, ಡಾಕ್ಟರ್ ಚೀಟಿ," ಎಂದೆ. ಅವಳು ಎರಡು ಸೌಟು ಹಾಕಿ, ಚೀಟಿಯ ಕಡೆ ಒಮ್ಮೆ ನೋಡಿ, ಮೇಲೊಂದು ಅರ್ಧ ಸೌಟು ಹಾಕಿದಳು.

"ಅನ್ನ ಬುಡಿಸಿದಾರೆ ಪಾಪ. ತರಕಾರೀನೂ ತೂಗಿ ಕೊಟ್ರೆ ಲಾರಿ ಹೆಂಗೆ ಓಡ್ಸೋದು?"

ಅಕ್ಕನೊಡನೆ ಎಸ್ಟೇಟ್ ಬಿಟ್ಟು ಆನೇಮಹಲಿಗೆ ಬಂದು ಐದು ವರ್ಷವಾಯಿತು. ಈಗ ನನ್ನ ಹತ್ತಿರ ಇರುವುದು ಇಷ್ಟು: ಒಲೆ ಎರಡು, ಕೊಪ್ಪರಿಗೆ ಮೂರು, ಬೆಂಚು ಆರು, ತಟ್ಟೆ ಇಪ್ಪತ್ತೆರಡು, ತಕ್ಕಡಿ ಒಂದು, ಅದರ ಐದು ಗ್ರಾಮಿನ ಬಟ್ಟು ಕಳೆದುಹೋಗಿದೆ. ಕರಟದ ಸೌಟು ಒಂದು. ಅಕ್ಕ ಒಬ್ಬಳು.